ತೆಗೆಯಲು ಬರುತ್ತಿದ್ದ ಚಿತ್ರ

ಆ ಚಿತ್ರವನ್ನು ವೆಬ್‌ಸೈಟಿನಿಂದ ತೆಗೆಯಲು ಬರುತ್ತಿತ್ತು, ಸರ್. ಬರುವುದಿಲ್ಲ ಎಂದು ನಿಮಗೆ ಹೇಳಿದ್ದು ಸುಳ್ಳು — ಗೊತ್ತಿದ್ದೇ ಹೇಳಿದ ಸುಳ್ಳು.

ಬೈಲಹೊಂಗಲದ ಪುರಸಭೆ ಚುನಾವಣೆಗೆ ನಮ್ಮ ವಾರ್ಡಿನಿಂದ ಶಿವಾನಂದಣ್ಣ ನಿಂತಿದ್ದರು. ಪೈಪು, ಪಂಪು ಮಾರುವ ಅಂಗಡಿಯವರು. ಚುನಾವಣೆ ಅವರಿಗೆ ಹೊಸದು. ನನ್ನ ಕಂಪ್ಯೂಟರ್ ಅಂಗಡಿಗೆ ಬಂದು, "ತಮ್ಮಾ, ದೊಡ್ಡ ಲೀಡರಗೋಳಿಗೆ ಇರತೈತಲ್ಲ, ಅಂಥಾ ವೆಬ್‌ಸೈಟ್ ನನಗೂ ಒಂದು ಮಾಡಿಕೊಡು. ಭಾಳ ಡೌಲು ಬ್ಯಾಡ" ಎಂದರು. ಅದುವರೆಗೆ ಅರ್ಜಿ ತುಂಬುವುದು, ಲಗ್ನಪತ್ರಿಕೆ ಜೋಡಿಸುವುದು ಇಷ್ಟೇ ಮಾಡಿಕೊಂಡಿದ್ದ ನನಗೂ ಅದು ಮೊದಲನೆಯದು. ನಾಲ್ಕೇ ಪುಟ. ಅವರ ಪರಿಚಯ, ಭರವಸೆಗಳು, ಫೋನ್ ನಂಬರು; ಕೊನೆಗೆ 'ನಮ್ಮ ವಾರ್ಡಿನ ಗೋಳು'. ಆ ಪುಟಕ್ಕೊಂದು ಚಿತ್ರ ಬೇಕಿತ್ತು.

ರೇಷನ್ ಅಂಗಡಿಯ ಮುಂದೆ ನಿಮ್ಮನ್ನು ಕಂಡೆ. ಯಂತ್ರ ನಿಮ್ಮ ಹೆಬ್ಬೆರಳಿನ ಗುರುತು ಹಿಡಿಯುತ್ತಿರಲಿಲ್ಲ. ಬೆರಳನ್ನು ಧೋತರಕ್ಕೆ ಒರೆಸಿ ಒರೆಸಿ ಮತ್ತೆ ಒತ್ತುತ್ತಿದ್ದಿರಿ. ಕಂಕುಳಲ್ಲಿ ಖಾಲಿ ಚೀಲ. ನೀವು ನನಗೆ ಮೂರು ವರ್ಷ ಕನ್ನಡ ಕಲಿಸಿದವರು. ಪಿಂಚಣಿಯಿಲ್ಲದ ಖಾಸಗಿ ಶಾಲೆಯಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವರು — ಎಲ್ಲ ಗೊತ್ತಿದ್ದೂ ಮಾತಾಡಿಸಲಿಲ್ಲ, ಕೇಳಲಿಲ್ಲ. ರಸ್ತೆಯ ಈಚೆಯಿಂದಲೇ ಫೋಟೋ ಹೊಡೆದು ಆ ಪುಟಕ್ಕೆ ಹಾಕಿದೆ. ಕೆಳಗೊಂದು ಸಾಲನ್ನೂ ಬರೆದೆ: 'ಹಿಡಿ ಅಕ್ಕಿಗೆ ಕೈಯೊಡ್ಡಿ ನಿಂತ ಹಿರಿಜೀವ.' ಚೆಂದದ ಸಾಲೆಂದು ನನಗೇ ಹೆಮ್ಮೆ. ಹಾಗೆ ಬರೆಯಲು ಕಲಿಸಿದವರು ನೀವೇ ಎಂಬುದು ಆಗ —

ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಶಿವಾನಂದಣ್ಣ ನನ್ನ ಬೆನ್ನು ತಟ್ಟಿದರು.

ನಾಲ್ಕನೇ ದಿನ ಮಧ್ಯಾಹ್ನ ನೀವು ಅಂಗಡಿಗೆ ಬಂದಿರಿ. ಚಪ್ಪಲಿ ಹೊರಗೆ ಬಿಟ್ಟಿರಿ. ನನ್ನ ಅಂಗಡಿಯಲ್ಲಿ ಯಾರೂ ಚಪ್ಪಲಿ ಬಿಡುವುದಿಲ್ಲ.

"ಆ ಫೋಟೋ ತಗೀಲಿಕ್ಕೆ ಬರ್ತದೇನ್ರಿ? ಸವದತ್ತಿಯೊಳಗ ಅಳಿಯನ ಮಂದಿ ನೋಡ್ಯಾರ. ಟ್ಯೂಷನ್ ಛಲೋ ನಡದದ, ಏನೂ ಕಡಿಮಿ ಇಲ್ಲಂತ ಮಗಳಿಗೆ ಹೇಳಿದ್ದೆ."

ಶಾಲೆಯಲ್ಲಿ ನನ್ನನ್ನು 'ಏ ಈರ್ಯಾ' ಎಂದು ಕರೆಯುತ್ತಿದ್ದವರು ಅಂದು 'ರಿ' ಹಚ್ಚಿ ಮಾತಾಡಿದಿರಿ. ಅಷ್ಟಕ್ಕಾದರೂ ನಾನು ಎಚ್ಚರಾಗಬೇಕಿತ್ತು. ಆದರೆ ಮತದಾನಕ್ಕೆ ವಾರ ಉಳಿದಿತ್ತು. ಜನ ನೋಡುತ್ತಿದ್ದದ್ದು ಆ ಒಂದು ಪುಟವನ್ನೇ. ನನ್ನ ಕೆಲಸವನ್ನು ಊರು ಹೊಗಳುತ್ತಿತ್ತು.

"ಒಮ್ಮೆ ನೆಟ್ಟಿನಾಗ ಹೋತಂದ್ರ ತಗಿಯಾಕ ಬರೂದಿಲ್ರಿ ಸರ್. ನನ್ನ ಕೈಯಾಗಿಲ್ಲ."

"ಹೌದೇನ್ರಿ? ನನಗ ಇದೆಲ್ಲಾ ತಿಳಿಯೂದಿಲ್ಲ ನೋಡ್ರಿ. ನಿಮಗ ಸುಮ್ನ ತ್ರಾಸ ಕೊಟ್ಟೆ" ಎಂದು ನೀವೇ ಕೈಮುಗಿದಿರಿ.

ಮಂದಿಯ ಮೊಬೈಲು ಸೇರಿದ್ದನ್ನು ಹಿಂದಕ್ಕೆ ತರಲು ಆಗುತ್ತಿರಲಿಲ್ಲ, ನಿಜ. ಆದರೆ ನೀವು ಕೇಳಿದ್ದು ನನ್ನ ಪುಟದ ಮಾತು. ಅದು ನನ್ನ ಕೈಯಲ್ಲಿತ್ತು. ನೀವು ಮೆಟ್ಟಿಲಿಳಿಯುವಾಗ ಆ ಪುಟ ನನ್ನೆದುರಿನ ಪರದೆಯ ಮೇಲೆಯೇ ತೆರೆದಿತ್ತು.

ಶಿವಾನಂದಣ್ಣ ಗೆದ್ದರು. ಮರುದಿನ ವೆಬ್‌ಸೈಟನ್ನು ಪೂರಾ ತೆಗೆದುಹಾಕಿದೆ. ಹಾಗೆ ಮಾಡಿದರೆ ಮುಗಿಯಿತೆಂದುಕೊಂಡೆ. ನೀವು ಆಮೇಲೆ ರೇಷನ್ ಅಂಗಡಿಯ ಕಡೆ ಸುಳಿದೇ ಇಲ್ಲವೆಂದು ಅಂಗಡಿಯವನು ಹೇಳಿದ. ಬಾಡಿಗೆ ಮನೆ ಖಾಲಿ ಮಾಡಿ, ಯಾರಿಗೂ ಹೇಳದೆ, ಮಗಳ ಊರಿಗೆ ಹೋಗಿದ್ದಿರಿ.

ಹೋದ ತಿಂಗಳು ಸವದತ್ತಿ ಬಸ್‌ಸ್ಟ್ಯಾಂಡಿನಲ್ಲಿ ನೀವೇ ನನ್ನ ಗುರುತು ಹಿಡಿದಿರಿ. ಜೊತೆಗಿದ್ದ ಅಳಿಯ ನನ್ನ ಹೆಸರು ಕೇಳಿ ಮುಖ ಬಿಗಿದುಕೊಂಡರು. ನೀವು ತಟ್ಟನೆ ನಡುವೆ ಬಂದಿರಿ.

"ಇವ್ರ ತಪ್ಪಿಲ್ಲಪಾ. ತಗೀಲಿಕ್ಕೆ ಭಾಳ ನೋಡಿದ್ರು, ಬರಲಿಲ್ಲ."

ತೆಗೆಯಲು ನೋಡಿದೆನೆಂದು ನಾನು ಎಂದೂ ಹೇಳಿರಲಿಲ್ಲ. ಅದನ್ನು ನನಗಾಗಿ ನೀವೇ ಸೇರಿಸಿದಿರಿ. ನಾನೋ — "ಹೌದ್ರಿ" ಎಂದೆ. ಬೈಲಹೊಂಗಲದ ಬಸ್ ಬಂತು, ಹತ್ತಿ ಕುಳಿತೆ. ನೀವು ಕೆಳಗಿನಿಂದ ಕೈಯೆತ್ತಿದಿರಿ. ನಾನು ಬೇರೆ ಕಡೆ ನೋಡಿದೆ.

ಕ್ಷಮೆ ಸಿಗಲೆಂದು ಇದನ್ನು ಬರೆಯುತ್ತಿಲ್ಲ. ಕೇಳುವ ಮೊದಲೇ ಅದನ್ನು ಕೊಟ್ಟುಬಿಡುವವರು ನೀವು, ಅದೇ ನನಗೆ ಅಂಜಿಕೆ. ಬರುವ ರವಿವಾರ ಸವದತ್ತಿಗೆ ಬರುತ್ತೇನೆ. ಅಳಿಯಂದಿರು ಮನೆಯಲ್ಲಿರುವ ಹೊತ್ತಿಗೇ ಬಂದು, ಅವರ ಎದುರಿಗೆ ಇದನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ — ನೀವು ಸಾಕೆಂದರೂ ನಿಲ್ಲಿಸುವುದಿಲ್ಲ.