ಇಸ್ತ್ರಿ ಅಕ್ಕನ ಕಾಲು

ಮೊನ್ನೆ ಸಂಬಂಧಿಕರೊಬ್ಬರನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆ. ಡ್ರೆಸ್ಸಿಂಗ್ ಕೋಣೆಯ ಹೊರಗೆ ಯಾರೋ ಊದುಬತ್ತಿ ಹಚ್ಚಿಟ್ಟಿದ್ದರು. ಆ ಹೊಗೆಯ ಅಡಿಯಿಂದ ಕೀವಿನ ವಾಸನೆ ಮೆಲ್ಲಗೆ ಎದ್ದುಬಂತು. ನಮ್ಮ ಇಸ್ತ್ರಿ ಅಕ್ಕ ನೆನಪಾದರು...

ರವೀಂದ್ರನಗರದ ನಮ್ಮ ಮನೆ ಗೇಟಿನ ಪಕ್ಕ ಅವರ ತಳ್ಳುಗಾಡಿ ನಿಲ್ಲುತ್ತಿತ್ತು. ಭದ್ರಾವತಿಯವರು. ಗಂಡನ ಗುತ್ತಿಗೆ ಕೆಲಸ ಹೋದ ಮೇಲೆ ಇಬ್ಬರೂ ಶಿವಮೊಗ್ಗಕ್ಕೆ ಬಂದಿದ್ದರು. ಗಂಡ ಮನೆಮನೆ ತಿರುಗಿ ಬಟ್ಟೆ ತರುತ್ತಿದ್ದರು; ಅಕ್ಕ ಬೆಳಗಿನಿಂದ ಕತ್ತಲಾಗುವವರೆಗೆ ನಿಂತೇ ಇಸ್ತ್ರಿ ಮಾಡುತ್ತಿದ್ದರು. ಗಾಡಿಯ ಮೂಲೆಯಲ್ಲಿ ಒಂದು ಊದುಬತ್ತಿ ಮುಗಿಯುವಷ್ಟರಲ್ಲಿ ಇನ್ನೊಂದು ಹಚ್ಚುವರು. ಬಹಳ ದೈವಭಕ್ತೆ ಎಂದುಕೊಂಡಿದ್ದೆವು.

ಒಂದು ಮಧ್ಯಾಹ್ನ ಕೆಂಡ ತುಂಬಲು ಬಗ್ಗಿದವರು ಹಾಗೇ ಕುಸಿದು ಕೂತರು. ಓಡಿಹೋಗಿ ಹಿಡಿದುಕೊಂಡೆ. ಸೀರೆ ಸ್ವಲ್ಪ ಸರಿದಿತ್ತು. ಎಡಗಾಲಿನ ಗಿಣ್ಣಿನ ಮೇಲೆ ಸುತ್ತಿದ್ದ ಹಳೇ ಬಟ್ಟೆ ಪೂರ್ತಿ ಒದ್ದೆ. ಸುತ್ತಲಿನ ಚರ್ಮ ಕಪ್ಪಾಗಿ, ತೊಗಟೆಯಂತೆ ಗಟ್ಟಿಯಾಗಿತ್ತು.

"ಯಾರಿಗೂ ಹೇಳ್ಬೇಡಿ ಟೀಚರಮ್ಮ," ಎಂದು ನನ್ನ ಕೈ ಹಿಡಿದುಕೊಂಡರು. "ಹುಣ್ಣಿದೆ ಅಂತ ಗೊತ್ತಾದ್ರೆ ಯಾರು ಬಟ್ಟೆ ಕೊಡ್ತಾರೆ?"

ಮಗಳು ಹುಟ್ಟಿದ ಕಾಲದಿಂದ ಇದ್ದ ಹುಣ್ಣಂತೆ; ಆ ಮಗಳಿಗೆ ಆಗಲೇ ಮದುವೆಯಾಗಿತ್ತು. ಮಾಯುವುದು, ಮತ್ತೆ ಒಡೆಯುವುದು. ಅರಿಶಿನ, ಬೇವು, ಮುಲಾಮು ಎಲ್ಲ ಆಗಿತ್ತು. ಯಾರದೋ ಕಣ್ಣು ಬಿದ್ದಿದೆಯೆಂದು ತಾಯಿತವನ್ನೂ ಕಟ್ಟಿಸಿಕೊಂಡಿದ್ದರು.

ಬಹಳ ಒತ್ತಾಯ ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಎಕ್ಸ್‌ರೇ ತೋರಿಸಿದರು. ಹುಣ್ಣಿನ ಕೆಳಗಿನ ಮೂಳೆ ಗೆದ್ದಲು ತಿಂದ ಹಾಗಿತ್ತು.

"ನರ ಉಬ್ಬಿ, ಕಾಲಿನ ರಕ್ತ ಮೇಲಕ್ಕೆ ಹತ್ತದೆ ಅಲ್ಲೇ ನಿಲ್ತಿದೆ ತಾಯಿ, ಅದಕ್ಕೇ ಮಾಯ್ತಿಲ್ಲ," ಎಂದರು ಡಾಕ್ಟರು. "ಇಷ್ಟು ವರ್ಷ ಬಿಟ್ಟಿದ್ದಕ್ಕೆ ಸೋಂಕು ಮೂಳೆಗೂ ಇಳಿದಿದೆ. ಬರೀ ಮುಲಾಮಿಂದ ಆಗೋದಲ್ಲ."

ಕೆಟ್ಟ ಮೂಳೆಯನ್ನು ಕೆರೆದು ತೆಗೆದರು. ವಾರಗಟ್ಟಲೆ ಔಷಧಿ ನಡೆಯಿತು. ಪಾದಕ್ಕೆ ರಕ್ತ ಸರಿಯಾಗಿ ಬರುತ್ತಿದೆಯೆಂದು ಡಾಕ್ಟರು ಖಾತ್ರಿ ಮಾಡಿಕೊಂಡ ಮೇಲೆ, ರಕ್ತ ಮೇಲೇರಲೆಂದು ಬೆರಳ ಬುಡದಿಂದ ಮೊಣಕಾಲಿನವರೆಗೆ ಬಿಗಿಯಾಗಿ ಪಟ್ಟಿ ಸುತ್ತುವುದನ್ನು ನರ್ಸ್ ಒಬ್ಬರು ಅಕ್ಕನ ಗಂಡನಿಗೆ ಕಲಿಸಿದರು. ಇನ್ನು ಹೆಚ್ಚು ಹೊತ್ತು ನಿಲ್ಲುವಂತಿರಲಿಲ್ಲ. ಗಂಡನೇ ಇಸ್ತ್ರಿ ಹಿಡಿದರು. ಅಕ್ಕ ಕಾಲನ್ನು ಎತ್ತರದ ಸ್ಟೂಲಿನ ಮೇಲಿಟ್ಟು ಬಟ್ಟೆ ಮಡಚುತ್ತಾ ಕೂರುತ್ತಿದ್ದರು. ಹುಣ್ಣು ಕುಗ್ಗುತ್ತಾ ಬಂತು. ಒಂದು ದಿನ ನನ್ನನ್ನು ಕರೆದು, ಹೊಸದಾಗಿ ಮೂಡಿದ್ದ ಗುಲಾಬಿ ಚರ್ಮವನ್ನು ನಾಚುತ್ತಾ ತೋರಿಸಿದ್ದರು.

ಆ ಬೇಸಿಗೆಯಲ್ಲಿ ಮಗಳಿಗೆ ಹೆರಿಗೆಯಾಯಿತು. ಇವರದು ಒಂದೇ ಕೋಣೆಯ ಮನೆ. ಹಾಗಾಗಿ ಅಕ್ಕನೇ ಬಾಣಂತನಕ್ಕೆಂದು ಭದ್ರಾವತಿಯ ಮಗಳ ಮನೆಗೆ ಹೋದರು. ನೀರು ಕಾಯಿಸುವುದು, ಅಡುಗೆ, ಬಟ್ಟೆ... ಇಡೀ ದಿನ ನಿಂತೇ. ಸೆಕೆಗೆ ಪಟ್ಟಿ ತುರಿಸುತ್ತದೆಂದು ಬಿಚ್ಚಿಟ್ಟರಂತೆ. ಹುಣ್ಣು ಮತ್ತೆ ಒಡೆಯಿತು. ಬಾಣಂತಿಗೆ ಗಾಬರಿಯಾದೀತೆಂದು ಮುಚ್ಚಿಟ್ಟುಕೊಂಡರು. ಚಳಿಜ್ವರ ಬಂದು, ಶಿವಮೊಗ್ಗಕ್ಕೆ ಕರೆತರುವ ಹೊತ್ತಿಗೆ ಕಾಲು ಉಳಿಸಿಕೊಳ್ಳುವ ಹಾಗಿರಲಿಲ್ಲ. ಮೊಣಕಾಲಿನ ಕೆಳಗೆ ಕತ್ತರಿಸಿದರು.

ನೋಡಲು ಹೋದಾಗ ನಾನು ಮಂಚದಿಂದ ದೂರವೇ ನಿಂತಿದ್ದೆ, ಏನು ಮಾತಾಡಬೇಕೆಂದು ತಿಳಿಯದೆ. ಅವರು ಬೇರೆ ಅರ್ಥ ಮಾಡಿಕೊಂಡರು.

"ಹತ್ರ ಬನ್ನಿ ಟೀಚರಮ್ಮ, ಈಗ ವಾಸನೆ ಬರಲ್ಲ," ಎಂದರು.

ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡೆ. ಮೊಮ್ಮಗಳ ಕಣ್ಣು ಥೇಟ್ ಅಜ್ಜನ ಹಾಗಿದೆ ಎಂದು ಹೇಳಿದರು... ಕೆಲವೇ ದಿನಗಳಲ್ಲಿ ಸೋಂಕು ರಕ್ತಕ್ಕೆ ಹರಡಿ ತೀರಿಕೊಂಡರು. ಗಂಡ ಗಾಡಿ ಮಾರಿ ಮಗಳ ಮನೆ ಸೇರಿದರು.

ಮೊನ್ನೆ ಆಸ್ಪತ್ರೆಯಿಂದ ಬಂದವಳೇ ಆ ಮಗಳಿಗೆ ಫೋನ್ ಮಾಡಿದೆ. ಈಗ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ; ಇಡೀ ದಿನ ನಿಲ್ಲಬೇಕು.

"ನಂಗೂ ಅಮ್ಮನ ಹಾಗೇ ಕಾಲಲ್ಲಿ ನರ ಉಬ್ಬಿವೆ ಟೀಚರ್. ಸಂಜೆ ಹೊತ್ತಿಗೆ ಊದ್ಕೊಳ್ತವೆ."

"ನಾಳೆನೇ ಬಾ ಮಾರಾಯ್ತಿ, ಡಾಕ್ಟ್ರಿಗೆ ತೋರ್ಸೋಣ."

"ಹಬ್ಬದ ವ್ಯಾಪಾರ ಮುಗೀಲಿ ಟೀಚರ್. ಈಗ ರಜ ಕೊಡಲ್ಲ."

ಇನ್ನೂ ಹೇಳಬೇಕೆನ್ನುವಷ್ಟರಲ್ಲಿ ಅತ್ತ ಯಾರೋ ಗಿರಾಕಿ ಕರೆದರು. ಫೋನ್ ಕಟ್ಟಾಯಿತು. ಅಕ್ಕ ಇದ್ದಿದ್ದರೆ ಅಂಗಡಿಗೇ ಹೋಗಿ, ಗದರಿ ಎಳೆದುಕೊಂಡು ಬರುತ್ತಿದ್ದರು. ಹಾಗೆ ಗದರಬಲ್ಲ ಒಬ್ಬರೇ ಒಬ್ಬರು ಈಗಿಲ್ಲ.