ಟೋಪಿ ಅಕ್ಕನ ಮರದ ತಲೆಗಳು

ಇನ್ನೂ ಬೆಳಕು ಹರಿದಿಲ್ಲ. ಸೈನಿಕ ಠಾಣೆಯ ಹಿಂಬಾಗಿಲಿನ ಎದುರಿಗಿರುವ ಒಂದೇ ಕೋಣೆಯ ಅಂಗಡಿಯಲ್ಲಿ ನೀರು ಕುದಿಯುತ್ತಿದೆ. ಟೋಪಿ ಅಕ್ಕ ಹೊಸ ಉಣ್ಣೆ ಟೋಪಿಯೊಂದನ್ನು ಬಿಸಿನೀರಿಗೆ ಅದ್ದಿ, ತಣ್ಣೀರಿಗೆ ಹಾಕಿ, ಹಿಂಡಿ, ಮರದ ತಲೆಯ ಮೇಲೆ ಕವುಚಿ ಬಲಗಿವಿಯ ಕಡೆಗೆ ಎಳೆಯುತ್ತಾರೆ. ಅಂಗೈ ಒತ್ತಿದ ಕಡೆಯೆಲ್ಲ ಸುಕ್ಕು ಅಡಗುತ್ತದೆ. ಎಡಗಣ್ಣಿನ ನೇರಕ್ಕೆ ಹೆಬ್ಬೆರಳಿಟ್ಟು ನೋಡುತ್ತಾರೆ. ಪಡೆಯ ಲಾಂಛನವಾದ ಹಿತ್ತಾಳೆಯ ಗಿಡುಗ ಕೂರಬೇಕಾದದ್ದು ಅಲ್ಲೇ.

"ಗಿಡುಗ ನೆಲ ನೋಡಬಾರದು, ಆಕಾಶಾನೂ ನೋಡಬಾರದು. ಎದುರಿಗಿರೋನನ್ನ ನೋಡಬೇಕು," ಎನ್ನುತ್ತಾರೆ.

ದಿನಕ್ಕೆ ಮೂವತ್ತು ಟೋಪಿ. ಹೊಸ ಭರ್ತಿಯ ತಿಂಗಳಲ್ಲಿ ಅದರ ಎರಡರಷ್ಟು. ಬಿಸಿನೀರು ಬೆರಳ ತುದಿಯ ಗೆರೆಗಳನ್ನೆಲ್ಲ ತಿಂದುಹಾಕಿದೆ. ಗೋಡೆಯ ಹಲಗೆಯ ಮೇಲೆ ಅಳತೆವಾರು ಕೂತಿರುವ ಮರದ ತಲೆಗಳನ್ನು ಕೆತ್ತಿದವರು ಇವರ ಮಾವ. ಕೆಲಸ ಕಲಿಸಿದ್ದು ಅತ್ತೆ. ಮಾವನೂ ಗಂಡನೂ ಹೋದಮೇಲೆ ಉಳಿದಿದ್ದು ಅತ್ತೆ, ಸೊಸೆ ಮತ್ತು ಆ ತಲೆಗಳು. ಪಡೆಗೆಲ್ಲ ಟೋಪಿ ಹಾಕಿದ ಹೆಂಗಸು ಎಂದು ಓಣಿಯವರು ಚುಡಾಯಿಸಿದರೆ, ಹಾಕಿಸಿಕೊಂಡವರು ಸೆಲ್ಯೂಟ್ ಹೊಡೆದು ಹೋಗುತ್ತಾರಲ್ಲ ಎಂದು ಅಕ್ಕ ಅವರ ಬಾಯಿ ಮುಚ್ಚಿಸುತ್ತಾರೆ.

ಹೋದ ತಿಂಗಳು ಒಬ್ಬ ಸೈನಿಕ ಅಂಗಡಿಗೆ ಬಂದ. ಸಿಡಿದ ಬಾಂಬಿನ ಚೂರೊಂದು ತಲೆಗೆ ಹೊಕ್ಕಿತ್ತು. ಆಸ್ಪತ್ರೆಯವರು ಜೀವ ಉಳಿಸಿದ್ದರು, ಎಡ ಹಣೆಯ ಮೇಲೆ ಒಂದು ತಗ್ಗು ಮಾತ್ರ ಹಾಗೇ ಉಳಿದಿತ್ತು. ಟೋಪಿ ಹಾಕಿದರೆ ಗಿಡುಗ ಜಾರಿ ಹುಬ್ಬಿಗೆ ಬರುತ್ತಿತ್ತು. ಪಡೆಯ ದಿನದ ಪರೇಡು ಹತ್ತಿರದಲ್ಲಿತ್ತು. ಬೇಕಿದ್ದರೆ ಅತಿಥಿಗಳ ಜೊತೆ ಕುರ್ಚಿಯಲ್ಲಿ ಕೂರು ಎಂದು ಸಾಹೇಬರು ಹೇಳಿದ್ದರಂತೆ.

"ನನಗೆ ಕುರ್ಚಿ ಬೇಡ ಅಕ್ಕ. ನನ್ನ ಸಾಲಲ್ಲಿ ನಿಲ್ಲಬೇಕು," ಎಂದ.

ಅಕ್ಕ ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದರು. ತಗ್ಗಿನ ಜಾಗಕ್ಕೆ ಒಳಗಿಂದ ಮೆತ್ತನೆಯ ಬಟ್ಟೆ ಹೊಲಿದರು. ಗಿಡುಗ ನೆಟ್ಟಗೆ ನಿಂತಿತು, ಹುಡುಗನಿಗೆ ನಿಲ್ಲಲಾಗಲಿಲ್ಲ. ಗಾಯದ ಮೇಲೆ ಬಟ್ಟೆ ಒತ್ತಿ ಸ್ವಲ್ಪ ಹೊತ್ತಿಗೇ ಕಣ್ಣಿಗೆ ಕತ್ತಲೆ ಬಂದು, ಗೋಡೆ ಹಿಡಿದುಕೊಂಡ. ತಗ್ಗನ್ನು ಮುಟ್ಟದೆ, ಅದರ ಮೇಲೆ ತಾನಾಗಿಯೇ ನಿಲ್ಲುವಂತೆ ಟೋಪಿಯನ್ನು ಒಣಗಿಸಬೇಕಿತ್ತು. ಒದ್ದೆ ಉಣ್ಣೆಯನ್ನು ಆ ತಲೆಯ ಮೇಲೇ ಬಿಗಿದು ಕೂರಿಸುವಂತಿರಲಿಲ್ಲ. ಅಂಥದೇ ಒಂದು ಮರದ ತಲೆ ಬೇಕಿತ್ತು.

ಹುಡುಗನ ಅಳತೆಯದು ಒಂದೇ ಇತ್ತು. ಮಾವ ಕೊನೆಯದಾಗಿ ಕೆತ್ತಿದ್ದು, ಎಲ್ಲಕ್ಕಿಂತ ನುಣುಪಾದದ್ದು. ಅದಕ್ಕೆ ಉಳಿ ಹಾಕಿದರೆ ಆಮೇಲೆ ಬೇರೆ ಯಾರ ಟೋಪಿಯೂ ಅದರ ಮೇಲೆ ಕೂರುವುದಿಲ್ಲ. ಅಕ್ಕ ಅದನ್ನು ಮಡಿಲಲ್ಲಿಟ್ಟುಕೊಂಡು ಸವರುತ್ತ ಕೂತರು. ಮೂಲೆಯಲ್ಲಿದ್ದ ಅತ್ತೆಗೆ ತಾಳ್ಮೆ ಕೆಟ್ಟಿತು.

"ಏನೇ, ನನ್ನ ಗಂಡನ ತಲೆಯನ್ನ ಹಾಗೆ ತಬ್ಬಿಕೊಂಡು ಕೂತಿದ್ದೀಯ? ಕೆತ್ತು. ಅವರಿದ್ದಿದ್ರೆ ಇಷ್ಟೊತ್ತಿಗೆ ಮುಗಿಸಿರೋರು."

ಹುಡುಗನನ್ನು ಎದುರಿಗೆ ಕೂರಿಸಿಕೊಂಡು, ಅವನ ತಗ್ಗನ್ನು ಬೆರಳಲ್ಲಿ ಸವರಿ, ಅದೇ ಬೆರಳಿಂದ ಮರ ಸವರಿ, ಅಕ್ಕ ಕೆತ್ತಿದರು. ತಗ್ಗಿನ ಅಂಚಿಗೆ ತಾಗದಂತೆ ಗಟ್ಟಿ ಬಟ್ಟೆಯ ಸಣ್ಣ ಕಮಾನೊಂದನ್ನು ಟೋಪಿಯ ಚರ್ಮದ ಪಟ್ಟಿಗೆ ಹೊಲಿದರು. ಗಿಡುಗದ ಭಾರವನ್ನು ಪಟ್ಟಿಯೇ ಹೊತ್ತಿತು. ಮೂರು ಟೋಪಿ ಕೆಟ್ಟವು. ನಾಲ್ಕನೆಯದನ್ನು ಹಾಕಿಕೊಂಡು ಹುಡುಗ ಅಂಗಡಿಯ ಮುಂದೆ ನೆಟ್ಟಗೆ ನಿಂತ. ಒಲೆಯ ನೀರು ಆರಿತು, ಅವನು ಅಲುಗಲಿಲ್ಲ.

ಪರೇಡಿನ ದಿನ ಅಕ್ಕನಿಗೆ ಒಳಗೆ ಹೋಗಲು ಚೀಟಿ ಇರಲಿಲ್ಲ. ಎಂದೂ ಇದ್ದದ್ದಿಲ್ಲ. ತಂತಿ ಬೇಲಿಯಾಚೆ ನಿಂತು ನೋಡಿದರು. ಸಾಲು ಸಾಲು ಟೋಪಿಗಳು, ಎಲ್ಲವೂ ಬಲಕ್ಕೆ ಇಳಿದು, ಎಡಗಣ್ಣಿನ ಮೇಲೆ ಬಿಸಿಲಿಗೆ ಮಿಂಚುವ ಹಿತ್ತಾಳೆ. ಕುರ್ಚಿಗಳ ಕಡೆಗೂ ಕಣ್ಣು ಹಾಯಿಸಿದರು. ಅಲ್ಲಿ ಅವನಿರಲಿಲ್ಲ.

ಮನೆಗೆ ಬಂದಾಗ ಅತ್ತೆ ಕೇಳಿದರು, ಹುಡುಗ ಕಂಡನಾ ಎಂದು.

"ಎಷ್ಟು ಹುಡುಕಿದ್ರೂ ಯಾವನು ಅಂತ ಗೊತ್ತಾಗಲಿಲ್ಲ ಅತ್ತೆ."

ಅತ್ತೆ ತಲೆಯಾಡಿಸಿದರು. "ಹಾಗಾದ್ರೆ ಸರಿಯಾಗಿ ಕೂತಿದೆ ಬಿಡು."