ಕತ್ತರಿಸದೆ ಬಿಟ್ಟ ಬಟ್ಟೆ

ಕ್ಯಾನ್ಸರ್ ಆಸ್ಪತ್ರೆಗೆ ತಿಂಗಳು ತಿಂಗಳು ಬರುವ ನಮ್ಮಲ್ಲಿ ದರ್ಜಿ ಮಾವನಷ್ಟು ಹಳೇ ಪೇಷಂಟ್ ಇನ್ನೊಬ್ಬರಿಲ್ಲ. ಶ್ವಾಸಕೋಶದ ಕ್ಯಾನ್ಸರ್ ಮೂಳೆಗೂ ಹಬ್ಬಿದೆ, ವರ್ಷ ದಾಟುವುದು ಕಷ್ಟ ಎಂದು ಕೇಳಿಸಿಕೊಂಡವರು. ಗೆಡ್ಡೆಯ ಚೂರಿನಲ್ಲಿ ಜೀನ್ ಪರೀಕ್ಷೆ ಮಾಡಿ, ಅದಕ್ಕೆ ಹೊಂದುವ ಹೊಸ ಮಾತ್ರೆ ದಿನಕ್ಕೊಂದು ಕೊಡಲು ಶುರುಮಾಡಿ ಈಗ ಐದನೇ ವರ್ಷ. ಲಿಫ್ಟಿನವನಿಗೂ ಕೈಮುಗಿಯುತ್ತಾರೆ, ಸ್ಕ್ಯಾನ್ ಯಂತ್ರಕ್ಕೂ ಕೈಮುಗಿಯುತ್ತಾರೆ. ಔಷಧದಿಂದ ಮುಖದ ಮೇಲೆದ್ದ ಗುಳ್ಳೆಗಳ ಬಗ್ಗೆ ಕೇಳಿದರೆ, "ಮಾತ್ರೆ ಕಡೆ ನೆಂಟರು, ಇರಲಿ ಬಿಡಿ" ಎನ್ನುತ್ತಾರೆ. ಡಾಕ್ಟರ ಕೋಟಿನ ಗುಂಡಿ ಸಡಿಲವಿದ್ದರೆ ಅದನ್ನು ಹೊಲಿದ ಮೇಲೆಯೇ ಇವರು ಎದೆ ತೋರಿಸುವುದು. "ಎಲ್ಲರಿಗೂ ಇದು ಹೊಂದಲ್ಲ, ಸುಮ್ಮನೆ ಆಸೆ ಹುಟ್ಟಿಸಬೇಡಿ" ಎಂದು ಆ ಡಾಕ್ಟರು ಒಮ್ಮೆ ಗದರಿದ ಮೇಲೆ ಹೊಸಬರ ಹತ್ತಿರ ಮಾತ್ರೆಯ ಸುದ್ದಿ ಎತ್ತುವುದಿಲ್ಲ. ಸೊರಗಿ ಪ್ಯಾಂಟು ಜಾರುತ್ತಿರುವವರನ್ನು ಕರೆದು, ನಿಂತಲ್ಲೇ ಹಿಂದಿನಿಂದ ಸೊಂಟ ಬಿಗಿಮಾಡಿ ಹೊಲಿದುಕೊಡುತ್ತಾರೆ. ಹೋದ ವಾರ, ನಾನು ಚಿಕಿತ್ಸೆಗೆ ಕರೆತರುವ ನಮ್ಮಣ್ಣನ ಸರದಿ. ಒಳಗೆ ಉಳಿದ ಬಟ್ಟೆ ಒತ್ತುತ್ತದೆ, ಕತ್ತರಿಸಿಬಿಡಿ ಎಂದ ಅಣ್ಣ. "ಬೇಡಪ್ಪ. ನನ್ನ ಪ್ಯಾಂಟು ಬಿಗಿಮಾಡುವಾಗ ನನ್ನ ಹೆಂಡತೀನೂ ಕತ್ತರಿಸಲಿಲ್ಲ. ಆರು ತಿಂಗಳಿಗೆ ಮೈ ತುಂಬಿಕೊಳ್ತು, ಅವಳೇ ಕೂತು ಹೊಲಿಗೆ ಬಿಚ್ಚಿದಳು. ಅಲ್ಲೀವರೆಗೂ ಒಂದು ಹನಿ ಕಣ್ಣೀರು ಹಾಕದವಳು, ಬಿಚ್ಚುತ್ತಾ ಬಿಚ್ಚುತ್ತಾ ಅತ್ತುಬಿಟ್ಟಳು" ಎಂದು ಮಾವ ಹಲ್ಲಿನಿಂದ ದಾರ ಕಡಿದರು. ಅಣ್ಣ ಸೊಂಟದೊಳಗೆ ಬೆರಳು ಹಾಕಿ ಆ ಮಡಿಕೆಯನ್ನು ಮುಟ್ಟಿ ನೋಡಿದ. ಆಮೇಲೆ, "ಹಾಗಾದ್ರೆ ಒಳಗೇ ಇರಲಿ, ಮಾವ" ಎಂದ.